ನಿದ್ದೆಯಲ್ಲೇ ಆಗಬೇಕಾದ ಪರೀಕ್ಷೆ

ನನ್ನ ತಮ್ಮನ ಮಗಳಿಗೆ ಕಿವಿ ಕೇಳುತ್ತದೆಂದು ಮಸ್ಕಿಯ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ವಾದಿಸಿದವಳು ನನ್ನ ಅವ್ವ. ವರ್ಷ ತುಂಬಿದರೂ ಕರೆದರೆ ತಿರುಗದ ಕೂಸನ್ನು ಪರಸಿಕಲ್ಲಿನ ನೆಲದ ಮೇಲೆ ಕೂಡಿಸಿ, ಅದರ ಬೆನ್ನ ಹಿಂದೆ ಸ್ಟೀಲ್ ತಾಟನ್ನು ನೆಲಕ್ಕೆ ಕುಕ್ಕುತ್ತಿದ್ದಳು. ಕೂಸು ಬೆಚ್ಚಿ ತಿರುಗುತ್ತಿತ್ತು. "ನೋಡ್ರಿ, ಕೇಳ್ತೈತಿ! ನಿಮಗ ಸುಮ್ನ ಅನುಮಾನ," ಎಂದು ಅವ್ವ ನಮ್ಮನ್ನೇ ಗದರಿಸುತ್ತಿದ್ದಳು. ನಮಗೂ ಅದೇ ಬೇಕಿತ್ತು. ಬೈಸಿಕೊಂಡು ನೆಮ್ಮದಿಯಾಗಿ ಉಣ್ಣುತ್ತಿದ್ದೆವು.

ತಮ್ಮನ ಹೆಂಡತಿ ಮಾತ್ರ ನಂಬಲಿಲ್ಲ. ಕೂಸನ್ನು ಲಿಂಗಸುಗೂರಿನ ಡಾಕ್ಟರಿಗೆ ತೋರಿಸಿದಳು. ಅವರು ತಾಟಿನ ಕಥೆ ಕೇಳಿ, ಕೂಸಿಗೆ ತಿಳಿದದ್ದು ಸಪ್ಪಳವಲ್ಲ, ಕೂತ ಕಲ್ಲಿನ ನಡುಕವಿರಬಹುದು ಎಂದರು. ಸಿಂಧನೂರಿನಲ್ಲಿ ಬೆರಾ ಟೆಸ್ಟ್ ಮಾಡುತ್ತಾರೆ. ಹಣೆಗೂ ಕಿವಿಯ ಹಿಂದಕ್ಕೂ ವೈರು ಅಂಟಿಸಿ, ಕಿವಿಯೊಳಗೆ ಸಪ್ಪಳ ಬಿಟ್ಟು, ನರದಲ್ಲಿ ಕರೆಂಟು ಓಡುತ್ತದೋ ಇಲ್ಲವೋ ನೋಡುತ್ತಾರೆ. ಅದಕ್ಕೆ ಕೂಸು ಗಾಢ ನಿದ್ದೆಯಲ್ಲಿರಬೇಕು, ದಾರಿಯಲ್ಲಿ ಮಲಗಿಸಬೇಡಿ ಎಂದು ಕಳಿಸಿದರು.

ಹೇಳುವುದು ಸುಲಭ. ನಮ್ಮ ಕಡೆ ಬಸ್ಸಿನಲ್ಲಿ ಅಳುವ ಕೂಸು ತಾಯಿಯೊಬ್ಬಳದ್ದಲ್ಲ, ಇಡೀ ಬಸ್ಸಿನದು. ಸಿಂಧನೂರಿನ ಬಸ್ಸಿನಲ್ಲಿ ನಾನೂ ತಮ್ಮನ ಹೆಂಡತಿಯೂ ಕೂಸಿನ ಮುಖಕ್ಕೆ ನೀರು ಹಚ್ಚಿ, ಅಂಗಾಲು ಕೆರೆದು ಎಬ್ಬಿಸುತ್ತಿದ್ದರೆ, ಹಿಂದಿನ ಸೀಟಿನ ಮುದುಕಿಗೆ ತಡೆಯಲಾಗಲಿಲ್ಲ. "ಎಂಥಾ ಹೆಣ್ಮಕ್ಕಳವ್ವಾ ನೀವು! ನಿದ್ದಿಗಣ್ಣಾಗಿನ ಕೂಸಿನ್ನ ಕಾಡಾಕತ್ತೀರಲ್ಲ," ಎಂದು ಕಸಿದುಕೊಂಡು ತೊಡೆಯ ಮೇಲೆ ಹಾಕಿಕೊಂಡಳು. ನಾವು ಟೆಸ್ಟಿನ ಮಾತು ಹೇಳಿ ಮುಗಿಸುವಷ್ಟರಲ್ಲಿ ಕೂಸು ಮಲಗಿಯಾಗಿತ್ತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆದರೆ ಪ್ರೀತಿಯಿಂದ ತಟ್ಟುತ್ತ ಕೂತವಳನ್ನು ಏನೆಂದು ಬೈಯುವುದು?

ಸಿಂಧನೂರಿನಲ್ಲಿ ಇಳಿಯುವಾಗ ಕೂಸು ನಿದ್ದೆ ಮುಗಿಸಿ ನಗುತ್ತಿತ್ತು. ಮತ್ತೆ ನಿದ್ದೆ ಬರುವವರೆಗೆ ಆಸ್ಪತ್ರೆಯ ಬೆಂಚಿನ ಮೇಲೆ ಕಾದೆವು. ಕೊನೆಗೆ ಬಾಗಿಲು ಮುಚ್ಚಿದ ಸಣ್ಣ ಕೋಣೆಯಲ್ಲಿ ತಾಯಿ ಅದನ್ನು ತಟ್ಟುತ್ತ ಜೋಗುಳ ಹಾಡಿದಳು. ಕೂಸಿನ ಕಣ್ಣು ಎಳೆಯತೊಡಗಿದವು.

"ಹಾಡಬ್ಯಾಡ್ರಿ, ಸಪ್ಪಳ ಆಗಬಾರ್ದು," ಎಂದರು ಟೆಸ್ಟ್ ಮಾಡುವ ಮೇಡಂ.

ಹಾಡು ನಡುವೆಯೇ ನಿಂತಿತು. ಕೂಸು ಮಿಸುಕಲಿಲ್ಲ. ವೈರು ಅಂಟಿಸಲೆಂದು ತಾಯಿ ಕೈ ತೆಗೆದಾಗ ಮಾತ್ರ ಮುಖ ಕಿವುಚಿತು. ಆಕೆ ನನ್ನ ಕಡೆ ನೋಡಿದಳು. ನಾನು ಗೋಡೆ ನೋಡಿದೆ.

ಮೇಡಂ ಸಪ್ಪಳ ಏರಿಸುತ್ತ ಹೋದರು. ಕೂಸಿನ ಕಿವಿಗೆ ಸಿಕ್ಕಿಸಿದ ಬೂಚಿನಿಂದ ಹೊರಗೆ ಸೋರಿ ಆ ಟಿಕ್ ಟಿಕ್ ನನಗೇ ಕೇಳುವಷ್ಟಾಯಿತು. ಪರದೆಯ ಮೇಲೆ ಏಳಬೇಕಾದ ಅಲೆ ಏಳಲಿಲ್ಲ. ಇನ್ನೊಂದು ಕಿವಿಯದೂ ಅದೇ ಪಾಡು. ಕಿವಿಗೆ ಮಷಿನ್ ಹಾಕಿ ನೋಡೋಣ, ಆಪರೇಷನ್ ಕೂಡ ಇದೆ, ತಡ ಮಾಡಬೇಡಿ ಎಂದು ಮೇಡಂ ಸಮಾಧಾನವಾಗಿ ತಿಳಿಸಿದರು. ತಾಯಿ ಎಲ್ಲದಕ್ಕೂ ತಲೆಯಾಡಿಸಿದಳು.

ಹೊರಗೆ ಬೇವಿನ ಗಿಡದ ಕೆಳಗೆ ಕೂತು, ಕೂಸಿನ ಹಣೆಗೆ ಮೆತ್ತಿದ್ದ ಪೇಸ್ಟನ್ನು ಸೆರಗಿನಿಂದ ಒರೆಸುತ್ತಿದ್ದವಳು ಒಮ್ಮೆಲೇ ಕೇಳಿದಳು:

"ಯಕ್ಕಾ, ತೊಟ್ಲಾಗ ಹಾಕಿದ ದಿನ ಈಕಿ ಕಿವ್ಯಾಗ ಕುರ್ರ್ ಅಂತ ಹೆಸರು ಹೇಳಿದಾಕಿ ನೀನ ಅಲ್ಲ?"

ನಾನೇ. ಸೋದರತ್ತೆಯ ಹಕ್ಕದು. ಪದ್ಧತಿಯಂತೆ ಹೆಂಗಸರೆಲ್ಲ ನಗುತ್ತ ನನ್ನ ಬೆನ್ನಿಗೆ ಗುದ್ದುತ್ತಿದ್ದರು. ನಾನು ತೊಟ್ಟಿಲಿಗೆ ಬಾಗಿ, ಅವರಿಗಾರಿಗೂ ಹೇಳುವ ಮೊದಲು ಕೂಸಿಗೆ ಹೇಳಿದ್ದೆ.

"ಹೌದಬೇ," ಎಂದೆ.

"ಹಂಗಾದ್ರ ಈಕಿ ಹೆಸರು ಈಕಿಗೆ ಇನ್ನಾ ಯಾರೂ ಹೇಳೇ ಇಲ್ಲ."

ನನಗೆ ದುಃಖ ಉಕ್ಕಿ ಬಂತು. ಆಸ್ಪತ್ರೆಯ ಮುಂದೆ, ಹೋಗಿಬರುವವರ ಎದುರಿಗೇ ಇಬ್ಬರೂ ಬಿಕ್ಕಿಬಿಕ್ಕಿ ಅಳತೊಡಗಿದೆವು. ಕೂಸು ತಾಯಿಯ ತೊಡೆಯ ಮೇಲೆ ಕೂತು, ಒಮ್ಮೆ ಆಕೆಯ ಬಾಯಿ, ಒಮ್ಮೆ ನನ್ನ ಬಾಯಿ ನೋಡುತ್ತಿತ್ತು.