ಭರ್ತಿಬಾಯಿ

ಬೆಳಿಗ್ಗೆ ಎದ್ದು ನೀರು ತುಂಬಿಸಿದೆ. ಎರಡು ಬಕೆಟ್ ಬಟ್ಟೆ ಒಗೆದು ಒಳಗಿನ ಹಗ್ಗಕ್ಕೇ ಹರವಿದೆ, ಹೊರಗೆ ಮಳೆ. ಅಕ್ಕಿ ಆರಿಸಿದೆ, ಹುರುಳಿಕಾಯಿ ಹೆಚ್ಚಿದೆ. ಭಾನುವಾರವಾದ್ದರಿಂದ ಮಗಳು ಊಟಕ್ಕೆ ಬರುವವಳಿದ್ದಳು. ಇನ್ನೂ ಹೊತ್ತಿತ್ತೆಂದು ಉಪ್ಪಿನ ಜಾಡಿ ತೊಳೆಯಲು ತೆಗೆದೆ. ಮಳೆಗಾಲದಲ್ಲಿ ಹರಳುಪ್ಪು ನೀರೊಡೆಯುತ್ತದೆ. ಜಾಡಿಯ ಕೆಳಗಿನ ಸ್ಟೀಲ್ ತಟ್ಟೆಯಲ್ಲಿ ಆ ನೀರು ಆರಿ ಅಂಚಿಗೆ ಬಿಳಿಯ ಗೆರೆ ಕಟ್ಟಿತ್ತು. ಉಗುರಿನಿಂದ ಕೆರೆದು ನಾಲಿಗೆಗೆ ಹಚ್ಚಿಕೊಂಡೆ. ಯಾಕೆ ಹಾಗೆ ಮಾಡಿದೆನೋ... ವಡಾಲದ ಶಾಲೆಯ ಕಿಟಕಿ ನೆನಪಾಗಿ, ನಲ್ಲಿಯ ಮುಂದೆ ಹಾಗೇ ನಿಂತುಬಿಟ್ಟೆ.

ಎಂಬತ್ತರ ದಶಕದ ಶುರುವಿನಲ್ಲಿ ನಾನು ಅಲ್ಲಿನ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿ ಓದುತ್ತಿದ್ದೆ. ಅಪ್ಪ ಮೈಸೂರಿನಿಂದ ಈ ಮರಾಠಿ ನಗರಕ್ಕೆ ಬಂದು ಬಂದರಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ನಮ್ಮ ಕನ್ನಡ ಮಾಸ್ತರು ವಿಜಾಪುರದ ಕಡೆಯವರು. ಸಮುದ್ರ ಕಾಣದೆ ಬೆಳೆದದ್ದಕ್ಕೋ ಏನೋ, ಅವರಿಗೆ ಏನು ಕಲಿಸಬೇಕಿದ್ದರೂ ಸಮುದ್ರವೇ ಬೇಕು. ಒಮ್ಮೆ ಬಾಟಲಿಯಲ್ಲಿ ಸಮುದ್ರದ ನೀರು ತಂದು ತಟ್ಟೆಗೆ ಸುರಿದು ಕಿಟಕಿಯಲ್ಲಿಟ್ಟರು. ನಾಲ್ಕು ದಿನಕ್ಕೆ ನೀರು ಆರಿ ಉಪ್ಪು ಉಳಿಯಿತು. ಒಬ್ಬೊಬ್ಬರನ್ನೇ ಕರೆದು ನೆಕ್ಕಿಸಿದರು.

“ನೀರು ಅಂದ್ರ ಮಂದಿ ಬದುಕು, ಹಾರಿ ಹೋಗ್ತೈತಿ. ಕಡೀಕ ಉಳೀತೈತಲ್ಲ, ಇದು ಸಾಹಿತ್ಯ. ರುಚಿ ನೆನಪಿಟ್ಕೋರಿ.”

ಮೈಸೂರಿನವರು, ಧಾರವಾಡದವರು, ಮಂಗಳೂರಿನವರು ಎಂದು ಬೇರೆ ಬೇರೆ ಬೆಂಚು ಹಿಡಿಯುತ್ತಿದ್ದ ನಮ್ಮನ್ನು ಎಬ್ಬಿಸಿ, ಕಲಸಿ ಕೂರಿಸುತ್ತಿದ್ದರು. “ಹೊಳಿ ಬರಲಿ, ಗಟಾರ ಬರಲಿ, ಸಮುದ್ರ ಯಾರಿಗೂ ಬಾಗಲಾ ಹಾಕಂಗಿಲ್ಲ” ಎನ್ನುತ್ತಿದ್ದರು.

ಒಂದು ದಿನ ಪದ್ಯದಲ್ಲಿ ‘ಉಬ್ಬರ’ ಎಂಬ ಮಾತು ಬಂತು. ಅರ್ಥ ಕೇಳಿದರು. ನಾನು ಕೈಯೆತ್ತಿ “ಭರ್ತಿ, ಸರ್” ಎಂದೆ. ಮರಾಠಿಯಲ್ಲಿ ಸಮುದ್ರ ಏರಿದರೆ ಭರ್ತಿ, ಇಳಿದರೆ ಓಹೋಟಿ. ವಡಾಲದ ಮಕ್ಕಳಿಗೆ ಗೊತ್ತಿದ್ದದ್ದು ಅಷ್ಟೇ.

“ಸಾಲಿಗೆ ಹೆಸರು ಹಚ್ಚೂದಕ್ಕಲ್ಲೇನವಾ ಭರ್ತಿ ಅನ್ನೂದು?”

“ಅದೂ ಭರ್ತಿನೇ ಸರ್, ಇದೂ ಭರ್ತಿನೇ.”

ಅವರು ಮೇಜು ಹಿಡಿದುಕೊಂಡು ನಕ್ಕರು. “ಖರೇ ಅಂದಿ! ಸಾಲಿ ತುಂಬಿದ್ರೂ ಭರ್ತಿ, ಸಮುದ್ರ ತುಂಬಿದ್ರೂ ಭರ್ತಿ!” ಅಂದಿನಿಂದ ನಾನು ಭರ್ತಿಬಾಯಿ. ನನ್ನ ಮದುವೆಗೆ ಬಂದ ಮಾಸ್ತರು ಮಂಟಪದಲ್ಲೂ ಹಾಗೆಯೇ ಕೂಗಿದರು. ನಾನೂ ಸಂಭ್ರಮದಲ್ಲಿ, “ನನ್ನ ಮಕ್ಕಳನ್ನ ನಿಮ್ಮ ಶಾಲೆಗೇ ಹಾಕೋದು ಸರ್” ಎಂದೆ, ಎಲ್ಲರೆದುರು. ಆ ಮಾತನ್ನು ಅವರು ಜೋಪಾನವಾಗಿ ಇಟ್ಟುಕೊಂಡಿದ್ದರು...

ಮದುವೆಯಾದ ಮೇಲೂ ನಾನಿದ್ದದ್ದು ವಡಾಲದಲ್ಲೇ, ಶಾಲೆಯಿಂದ ಎರಡು ಗಲ್ಲಿ ಆಚೆ. ತೊಂಬತ್ತರ ದಶಕದ ನಡುವಿನಲ್ಲಿ ಮಗಳಿಗೆ ಐದು ತುಂಬಿತು. ಆ ವರ್ಷ ಶಾಲೆಯ ಒಂದನೆಯ ತರಗತಿಗೆ ಸಾಕಷ್ಟು ಮಕ್ಕಳಿಲ್ಲ. ಇನ್ನೊಂದು ಹೆಸರು ಬರದಿದ್ದರೆ ತರಗತಿಯನ್ನೇ ತೆರೆಯುವುದಿಲ್ಲವಂತೆ, ಮಾಸ್ತರು ಮನೆಮನೆ ತಿರುಗುತ್ತಿದ್ದಾರಂತೆ ಎಂದು ಪಕ್ಕದ ಮನೆಯವರು ಹೇಳಿದರು. ನಾವು ಅಷ್ಟರಲ್ಲಿ ಇಂಗ್ಲಿಷ್ ಶಾಲೆಯಲ್ಲಿ ಸೀಟು ಹಿಡಿದಾಗಿತ್ತು. ಅದನ್ನು ಅವರ ಮುಖ ನೋಡಿ ಹೇಳಿದ್ದರೆ ಮುಗಿದುಹೋಗುತ್ತಿತ್ತು.

ಒಂದು ಬೆಳಿಗ್ಗೆ ಮೆಟ್ಟಿಲಿನಲ್ಲಿ ಅವರ ಕೆಮ್ಮು ಕೇಳಿಸಿತು. ಮಗಳ ಕಿವಿಯಲ್ಲಿ ಹೇಳಿಕೊಟ್ಟು, ನಾನು ಅಡುಗೆಮನೆಯ ಬಾಗಿಲ ಹಿಂದೆ ಸರಿದೆ. ಈಗ ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

“ಭರ್ತಿಬಾಯಿ ಅದಾಳೇನವಾ?”

“ಮಮ್ಮಿ ಘರ್ ಪೇ ನಹೀ ಹೈ.”

“ಕನ್ನಡದಾಗ ಹೇಳು ನೋಡೂಣು, ತಂಗಿ.”

ಮಗಳು ತಡವರಿಸಿದಳು. “ಅಮ್ಮ... ಮನೇಲಿ... ಇಲ್ಲ.”

“ಭಲೇ, ಶಾಣ್ಯಾಕಿ! ಎಷ್ಟ್ ಚಂದ ಹೇಳಿದಿ!”

ಅವರು ನನ್ನ ಮಗಳಿಗೆ ಕಲಿಸಿದ್ದು ಆ ಒಂದೇ ವಾಕ್ಯ. ಅದೂ ನನ್ನ ಸುಳ್ಳು.

ಬಾಗಿಲ ಸಂದಿಯಿಂದ ನನಗೆ ಹೊಸ್ತಿಲು ಕಾಣುತ್ತಿತ್ತು. ನನ್ನ ಚಪ್ಪಲಿ ಹೊರಗೇ ಇದ್ದವು, ಒಂದು ಬೋರಲು ಬಿದ್ದಿತ್ತು. ಅವರು ನೋಡಿದರು. ಬೋರಲು ಬಿದ್ದ ಚಪ್ಪಲಿಯಿಂದ ಮನೆಯಲ್ಲಿ ಜಗಳ ಎನ್ನುತ್ತಾರಲ್ಲ... ಬಗ್ಗಿ, ಕೈಯಿಂದಲೇ ಅದನ್ನು ತಿರುಗಿಸಿ, ಇನ್ನೊಂದರ ಪಕ್ಕಕ್ಕೆ ನೇರವಾಗಿ ಇಟ್ಟರು. ಅಕ್ಷರ ಕಲಿಸಿದವರು ನನ್ನ ಚಪ್ಪಲಿ ಮುಟ್ಟಿದರು. ನಾನು ಕದಲಲಿಲ್ಲ.

“ಅವ್ವ ಬಂದ್ಮ್ಯಾಲ ಹೇಳವಾ, ಓಹೋಟಿ ಐತಿ ಅಂತ” ಎಂದು ಮೆಟ್ಟಿಲಿಳಿದರು.

ಆ ವರ್ಷ ತರಗತಿ ತೆರೆಯಲಿಲ್ಲ. ಅವರನ್ನು ಬೇರೆ ಶಾಲೆಗೆ ಹಾಕಿದರು. ನಿವೃತ್ತರಾಗಿ ಊರಿಗೆ ಹೋದರು, ಅಲ್ಲೇ ತೀರಿಕೊಂಡರು ಎಂದು ಎಷ್ಟೋ ವರ್ಷದ ಮೇಲೆ ಯಾರದೋ ಅರಿಶಿನ ಕುಂಕುಮದಲ್ಲಿ ಕಿವಿಗೆ ಬಿತ್ತು. ಒಂದು ಕಾಗದವನ್ನಾದರೂ ಬರೆಯಬಹುದಿತ್ತು. ಆದರೆ ಅವರ ಊರಿನ ಹೆಸರನ್ನೇ ನಾನು ಎಂದೂ ಕೇಳಿರಲಿಲ್ಲ. ವಿಜಾಪುರದ ಕಡೆ, ಅಷ್ಟೇ.

ಈಗ ನಾವು ದಹಿಸರ್‌ನಲ್ಲಿದ್ದೇವೆ. ಇವತ್ತು ಮಗಳು ಒದ್ದೆ ಚಪ್ಪಲಿ ಒದರಿ ಒಳಬಂದಾಗ ಒಂದು ಬೋರಲಾಯಿತು. ಬಗ್ಗಿ ತಿರುಗಿಸಿಟ್ಟೆ. “ನೀನು ಚಿಕ್ಕವಳಿದ್ದಾಗ ಒಬ್ಬರು ಸರ್ ಮನೆಗೆ ಬಂದಿದ್ದರು, ನೆನಪಿದೆಯಾ?” ಎಂದೆ.

“ಕೌನ್ಸಾ ಸರ್, ಅಮ್ಮ?” ಎಂದಳು.

ಅನ್ನ, ತಿಳಿಸಾರು, ಹುರುಳಿಕಾಯಿ ಪಲ್ಯ, ಹಪ್ಪಳ. ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದೆ. ಮಗಳೂ ಇವರೂ ತಾವೇ ತಟ್ಟೆಗೆ ಉಪ್ಪು ಹಾಕಿಕೊಂಡು ಉಂಡರು. ಊಟವಾದ ಮೇಲೆ ಮಗಳು ಮೊದಲು ಮಲಗಿದಳು, ಅವಳ ಹಿಂದೆ ಇವರು. ನನಗೆ ನಿದ್ದೆ ಬರಲಿಲ್ಲ, ಇದನ್ನು ಬರೆಯುತ್ತ ಕೂತೆ.