ಪಂಕ್ತಿಯಲ್ಲಿ ಕೂಡ್ರದ ಮಧ್ವೇಶರಾಯರು

ಸವಣೂರಿನ ಕನ್ನಡ ಶಾಲೆಯ ಮಾಸ್ತರರಾಗಿದ್ದ ಮಧ್ವೇಶರಾಯರು ತೀರಿಕೊಂಡು ಇಂದಿಗೆ ಹದಿನೈದು ದಿನ. ಅವರ ಜೊತೆ ತಿರುಗಾಡಿ ರೂಢಿಯಾದವರಿಗೆ ಈಗ ಸಂಜೆ ಕಳೆಯುವುದೇ ಕಷ್ಟವಾಗಿದೆ.

ಹಗಲೆಲ್ಲ ಸುಮ್ಮನಿರುತ್ತಿದ್ದ ರಾಯರ ಕಾಲುಗಳು ದೀಪ ಹಚ್ಚುವ ಹೊತ್ತಿಗೆ ಅವರ ಮಾತು ಕೇಳುತ್ತಿರಲಿಲ್ಲ. ಕೂತರೆ ಮೀನಖಂಡದೊಳಗೆ ಇರುವೆ ಹರಿದಂತಾಗುತ್ತಿತ್ತು. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಮಾಯ. ವೈದ್ಯರು ವಾತವೆಂದು ಎಣ್ಣೆ ಕೊಟ್ಟರು. ಅದರಿಂದ ಧೋತರಕ್ಕೆ ಕಲೆಯಾಯಿತು, ಅಷ್ಟೇ. ಪುರಾಣ ಕೇಳಲು ಹೋದರೆ ಕಂಬಕ್ಕೆ ಆತು ನಿಲ್ಲುತ್ತಿದ್ದರು. ಊಟದ ಪಂಕ್ತಿಯಲ್ಲಿ ಒಬ್ಬರು ನಡುವೆ ಎದ್ದರೆ ಉಳಿದವರೂ ಊಟ ಬಿಟ್ಟು ಕೈ ತೊಳೆಯಬೇಕು. ಹಾಗಾಗಿ ಎಲ್ಲ ಮನೆಗಳಲ್ಲೂ ಅವರು ಬಡಿಸುವ ಕೆಲಸ ಹಿಡಿದರು. ಜನ ಅದನ್ನು ವಿನಯವೆಂದರು. ರಾಯರು ತಿದ್ದಲಿಲ್ಲ.

ಸಾವಿರದ ಒಂಬೈನೂರ ಮೂವತ್ತೆಂಟರಲ್ಲಿ ಶಿಗ್ಗಾವಿಯಲ್ಲಿ ಮಗನ ಮದುವೆ. ಗಂಡಿನ ತಂದೆ ಬಡಿಸುವಂತಿಲ್ಲ. ಸಂಜೆಯ ಬೀಗರ ಊಟದಲ್ಲಿ ಮೊದಲ ಎಲೆಗೇ ಕೂಡ್ರಬೇಕು. ಎಂಬತ್ತು ಎಲೆ ಹಾಕಿದ್ದರು. ಕೂತು ನಡುವೆ ಎದ್ದರೆ ಅಷ್ಟೂ ಜನರ ಊಟ ಕೆಡುತ್ತದೆ. ಕೂಡ್ರದಿದ್ದರೆ ಹೆಣ್ಣಿನವರ ಮಾನ ಹೋಗುತ್ತದೆ. ರಾಯರು ಬಾಗಿಲಲ್ಲೇ ನಿಂತರು.

ಹೆಣ್ಣಿನ ತಂದೆ ನರಸಿಂಹಾಚಾರ್ಯರು ಬೆವರೊರೆಸಿಕೊಳ್ಳುತ್ತ ಬಂದರು.

"ರಾಯರ, ನಮ್ಮಿಂದ ಏನರ ಕಡಿಮಿ ಆತೇನ್ರಿ?"

"ಏನೂ ಇಲ್ರಿ."

"ಮತ್ತ ಯಾಕ ಕೂಡ್ರವಲ್ರಿ? ಮಂದಿ ನೋಡ್ಲಿಕ್ಕೆ ಹತ್ಯಾರ."

ರಾಯರಿಗೆ ಹೊಟ್ಟೆನೋವೆಂದು ಹೇಳಿಬಿಡುವ ಮನಸ್ಸಾಯಿತು. ಆಚಾರ್ಯರ ಮುಖ ನೋಡಿದ ಮೇಲೆ ಆ ಸುಳ್ಳು ನಾಲಿಗೆಗೆ ಬರಲಿಲ್ಲ.

"ಸಂಜೀಕ ಕೂತರ ನನ್ನ ಕಾಲು ಒಂದ ಕಡೆ ನಿಲ್ಲೂದಿಲ್ರಿ. ಇಷ್ಟ ವರ್ಷ ಬಡಿಸಿದ್ದೂ ಅದಕ್ಕ. ನಡುವ ಎದ್ದು ನಿಮ್ಮ ಊಟ ಕೆಡಸಬಾರದಂತ ನಿಂತೇನಿ."

ಆಚಾರ್ಯರ ತಾಯಿ ತುಳಸಾಬಾಯಿ ಅಡಿಗೆಮನೆಯ ಬಾಗಿಲಲ್ಲಿ ಎಲ್ಲ ಕೇಳಿಸಿಕೊಂಡಿದ್ದರು.

"ಇಷ್ಟ ಹೌದಲ್ಲೋ ನರಸಿಂಹ? ಬೀಗರು ಸಿಟ್ಟಾಗ್ಯಾರಂತ ನಾ ಎದಿ ಹಿಡಕೊಂಡು ನಿಂತಿದ್ದೆ. ತುಪ್ಪದ ಗಿಂಡಿ ಅವರ ಕೈಯಾಗ ಕೊಡು."

"ಅವ್ವಾ, ಗಂಡಿನವರು ಬಡಸೂದಂದ್ರ..."

"ನಮ್ಮ ಹುಡುಗಿ ಅವರ ಮನ್ಯಾಗ ಜನ್ಮಪೂರ್ತಿ ಬಡಸ್ಲಿಕ್ಕೆ ಇದ್ದೇ ಇದ್ದಾಳ. ಒಂದ ದಿನ ಮಾವ ಬಡಸಲಿ ಬಿಡು."

ಹೆಂಗಸರ ಗುಂಪು ನಕ್ಕಿತು. ಆಚಾರ್ಯರೂ ಬೇರೆ ದಾರಿ ಕಾಣದೆ ನಕ್ಕರು.

ರಾಯರು ಗಿಂಡಿ ಹಿಡಿದು ಹೊರಟರು. ಮಗನ ಪಕ್ಕ ಕೂತಿದ್ದ ಸೊಸೆಯ ಎಲೆಗೆ ತುಪ್ಪ ಹಾಕಿ, "ಸಾಕೇನವಾ?" ಎಂದು ಕೇಳಿದರು.

ಆಕೆ ತಲೆ ತಗ್ಗಿಸಿಯೇ, "ಇನ್ನೊಂಚೂರು ಹಾಕ್ರಿ" ಎಂದಳು.

ಆ ಪಂಕ್ತಿಯಲ್ಲಿ ಉಳಿದ ಎಪ್ಪತ್ತೊಂಬತ್ತು ಜನವೂ ಮಜ್ಜಿಗೆಯನ್ನದವರೆಗೆ ಕೂತು ಹೊಟ್ಟೆ ತುಂಬ ಉಂಡರು.