ಬಟ್ಟೆ ಕಂಬದ ದುಂಬಿಗಳು

ಇವತ್ತು ಮಾಡಿದ ಕೆಲಸಗಳು: ನೀರಿನ ಮೋಟಾರು ಹಾಕಿದೆ. ಹೆಸರುಕಾಳು ನೆನೆಸಿದೆ. ಮನೆಯವರ ಡ್ಯೂಟಿ ಅಂಗಿಗೆ ಗುಂಡಿ ಹಚ್ಚಿದೆ. ಜೋಳ ಹಸನು ಮಾಡಿ ಗಿರಣಿಗೆ ಒಯ್ದುಕೊಟ್ಟೆ. ಎರಡು ಬಕೆಟ್ ಬಟ್ಟೆ ಒಗೆದು ಟೆರೇಸಿಗೆ ಹೊತ್ತೆ, ಒಣಹಾಕದೆ ಹಾಗೇ ಗೋಡೆಯ ಬದಿಗಿಟ್ಟೆ. ತಂತಿ ಕಟ್ಟಿದ ಮರದ ಕಂಬವನ್ನು ಕೊಯ್ಯಲು ಇವತ್ತು ಬಡಗಿ ಬರುವವನಿದ್ದ.

ಕಂಬದ ಕತೆ ಹೇಳಬೇಕೆಂದರೆ ಅತ್ತೆಯ ಮುಳಗಾಯಿಯಿಂದ ಶುರು ಮಾಡಬೇಕು. ನಮ್ಮ ಗದಗಿನ ಕಡೆಯ ಹಸಿರು ಬದನೆ ಅದು, ಮೈಮೇಲೆ ಬಿಳಿ ಗೆರೆ, ತೊಟ್ಟಿನ ತುಂಬ ಮುಳ್ಳು. ಎಣಗಾಯಿ ಮಾಡಿದರೆ ಸಿಪ್ಪೆ ಸಮೇತ ಬಾಯಲ್ಲಿ ಕರಗುತ್ತದೆ. ಮನೆಯವರಿಗೆ ಈ ತೆಲುಗು ನಾಡಿನ ಬಾಲಾನಗರದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕು ಕೂಕಟ್‌ಪಲ್ಲಿಯಲ್ಲಿ ಮನೆ ಹಿಡಿದಾಗ ಅತ್ತೆ ಸೀರೆಯ ಗಂಟಿನಲ್ಲಿ ಇದರ ಬೀಜ ತಂದಿದ್ದರು. ಅಂದಿನಿಂದ ಪ್ರತಿವರ್ಷ ಟೆರೇಸಿನ ಡಬ್ಬಿಗಳಲ್ಲಿ ಹಚ್ಚುವುದು, ಒಂದು ಕಾಯಿಯನ್ನು ಗಿಡದಲ್ಲೇ ಹಳದಿ ಹಣ್ಣಾಗಲು ಬಿಡುವುದು, ಅದರ ಬೀಜವನ್ನು ಬೂದಿಯಲ್ಲಿ ಉಜ್ಜಿ ಚಿಂದಿಯಲ್ಲಿ ಕಟ್ಟಿಡುವುದು. ಹೋದ ವರ್ಷ ಕಾಯಿ ಹಿಡಿದದ್ದೇ ಕಡಿಮೆ, ಬೀಜಕ್ಕೆಂದು ಬಿಟ್ಟ ಒಂದನ್ನೂ ಅಳಿಲು ತಿಂದಿತು. ಈ ವರ್ಷ ಚಿಂದಿಯಲ್ಲಿ ಉಳಿದ ಬೀಜವನ್ನೆಲ್ಲ ಊರಿದಾಗ ಮೂರು ಗಿಡ ಎದ್ದವು. ಇವು ಕಾಯಿ ಬಿಡದಿದ್ದರೆ ಬೀಜ ಮುಗಿದ ಹಾಗೆ. ಊರಲ್ಲೂ ಈಗ ಯಾರೂ ಇದನ್ನು ಹಚ್ಚುವುದಿಲ್ಲ, ಅತ್ತೆ ಫೋನಿನಲ್ಲಿ ಎಲ್ಲರನ್ನೂ ಕೇಳಿಯಾಗಿದೆ.

ಗಿಡಗಳು ಚೆನ್ನಾಗಿಯೇ ಬೆಳೆದವು. ನೇರಳೆ ಹೂವೂ ಬಿಟ್ಟವು. ಆದರೆ ಬೆಳಿಗ್ಗೆ ಕಸ ಗುಡಿಸಲು ಹೋದರೆ ಹೂವೆಲ್ಲ ಕೆಳಗೆ. ದಿನಾ ಅದೇ. ಒಂದು ದಿನ ಅತ್ತೆ ಗಿಡದ ಮುಂದೆ ಕೂತು, ತಲೆ ಎತ್ತಿ ಆ ಕಡೆ ಈ ಕಡೆ ನೋಡಿ ಕೇಳಿದರು: "ಗುಂಯ್ ಅನ್ನೋದು ಕೇಳವಲ್ದಲ್ಲ. ಆ ಕರಿ ದುಂಬಿ ಎಲ್ಲಿ ಹೋದೂ ಬೇ?"

ಎಲ್ಲಿ ಹೋದವೆಂದು ನನಗೆ ಗೊತ್ತಿತ್ತು. ನಮ್ಮ ಬಟ್ಟೆ ಕಂಬದಲ್ಲಿ ಹೆಬ್ಬೆರಳು ತೂರುವಷ್ಟು ಗುಂಡನೆಯ ತೂತುಗಳಿದ್ದವು, ಕರಿ ದುಂಬಿಗಳು ಅಲ್ಲಿಂದ ಬರುತ್ತ ಹೋಗುತ್ತ ಇದ್ದವು. ಕೆಳಗೇ ಇರುವ ನಮ್ಮ ಮನೆ ಮಾಲಕಿಗೆ ಅವುಗಳ ಸದ್ದು ಕೇಳಿದರೇ ನಡುಕ. "ಕುಡತಾಯಿ ಅಂಡಿ, ಪಿಲ್ಲಲು ವಸ್ತಾರು," ಕಚ್ಚುತ್ತವೆ, ಮಕ್ಕಳು ಮೇಲೆ ಬರುತ್ತಾರೆ, ಎಂದು ದಿನವೂ ಹೇಳುತ್ತಿದ್ದರು. ಮನೆಯವರು ಕಾರ್ಖಾನೆಯಲ್ಲಿ ಫಿಟ್ಟರ್. ಯಾವ ಕೆಲಸವನ್ನೂ ಅರ್ಧ ಮಾಡುವವರಲ್ಲ. ಒಂದು ರಜೆಯ ದಿನ ತೂತುಗಳಿಗೆಲ್ಲ ಬಿರುಕು ಮುಚ್ಚುವ ಸೀಲ್ ತುಂಬಿ, ಒಣಗಿದ ಮೇಲೆ ಉಪ್ಪುಕಾಗದ ತಿಕ್ಕಿ, ಮೇಲೊಂದು ಕೈ ಬಣ್ಣವನ್ನೂ ಹೊಡೆದರು. ತೂತು ಎಲ್ಲಿತ್ತು ಎಂದು ಹುಡುಕಿದರೂ ಸಿಗದ ಹಾಗೆ. ಮಾಲಕಿ ಮೆಚ್ಚಿ ಒಂದು ಡಬ್ಬಿ ಸಕಿನಾಲು, ಅವರ ಕಡೆಯ ಚಕ್ಕುಲಿ, ಕಳಿಸಿದ್ದರು.

ಇನ್ನೊಂದು ಕಡೆಯಿಂದ ದುಂಬಿ ಬರಲಿ ಎಂದರೆ ಇನ್ನೊಂದು ಕಡೆ ಎಲ್ಲಿದೆ? ನಾವು ಬಂದಾಗ ಹಿಂದಿನ ಖಾಲಿ ಜಾಗದಲ್ಲಿ ಎಕ್ಕ, ತಂಗಡಿ ತುಂಬಿದ್ದವು. ಬತುಕಮ್ಮ ಹಬ್ಬಕ್ಕೆ ಓಣಿಯ ಹೆಂಗಸರೆಲ್ಲ ತಂಗಡಿ ಹೂವು ಅಲ್ಲಿಂದಲೇ ಮುರಿದು ತರುತ್ತಿದ್ದರು. ಆ ಜಾಗದಲ್ಲಿ ಈಗ ಅಪಾರ್ಟ್‌ಮೆಂಟುಗಳು, ಮಾಲಕಿ ಹಬ್ಬದ ಹೂವನ್ನು ಮಾರ್ಕೆಟಿನಿಂದ ಕೊಂಡುತರುತ್ತಾರೆ. ಕರಿಬೇವಿನ ಮೇಲೆ ಕೂರುತ್ತಿದ್ದ ಚಿಟ್ಟೆಗಳು ಯಾವ ವರ್ಷದಿಂದ ಬರುವುದು ಬಿಟ್ಟವೋ ನನಗೆ ನೆನಪಿಲ್ಲ. ತುಳಸಿಯ ತೆನೆಗೆ ಬರುತ್ತಿದ್ದ ಸಣ್ಣ ಜೇನು ಈಗ ಅಪರೂಪ. ಉಳಿದಿದ್ದವೆಂದರೆ ಈ ಕಂಬದವು.

ದುಂಬಿ ಇಲ್ಲದೆ ಹೂವು ಕಾಯಿ ಕಚ್ಚದೆ ಉದುರುತ್ತಿವೆ ಎಂದು ನನ್ನಿಂದ ತಿಳಿದ ಮನೆಯವರು ಮರುದಿನ ಬೆಳಿಗ್ಗೆ ಗಡ್ಡದ ಮಷೀನು ಹಿಡಿದು ಮೇಲೆ ಹೋದರು. ದುಂಬಿ ಹೂವನ್ನು ಗಡಗಡ ನಡುಗಿಸಿದರೆ ಪರಾಗ ಉದುರುತ್ತದೆ, ಮಷೀನೂ ನಡುಗುತ್ತದೆ, ಅಷ್ಟೇ ತಾನೆ ಎಂಬುದು ಅವರ ಲೆಕ್ಕ. ಲೆಕ್ಕ ಸರಿಯೇ ಇತ್ತು. ಆದರೆ ಮಷೀನಿನ ಹಲ್ಲು ತೆಗೆಯುವುದನ್ನು ಮರೆತಿದ್ದರು. ಹೂವಿನ ಎಸಳು ತುಂಡಾಗಿ ಕೈಗೆ ಬಂತು.

"ಹೂವಿಗೂ ಗಡ್ಡ ಬಂದಿತ್ತೇನೋ ತಮ್ಮಾ?" ಎಂದರು ಅತ್ತೆ. "ಕಟಿಂಗ್‌ನೂ ಮಾಡಿಬಿಡಬೇಕಿತ್ತು."

ಮನೆಯವರು ಕೆಳಗೆ ಬಂದು ಸಣ್ಣ ಉಳಿ ತೆಗೆದುಕೊಂಡು ಹೋಗಿ ಒಂದು ತೂತಿನ ಸೀಲನ್ನು ಕೆರೆದು ತೆಗೆಯತೊಡಗಿದರು. ಸ್ವಲ್ಪ ಹೊತ್ತಿಗೆ ಕೂಗಿದರು: "ಏ, ಟಾರ್ಚ್ ತಗೊಂಡ್ ಬಾ. ಅವ್ವನ್ನೂ ಕರ್ಕೊಂಡ್ ಬಾ."

ನಾವು ಮೂವರೂ ಸರದಿಯ ಮೇಲೆ ಬಗ್ಗಿ ನೋಡಿದೆವು. ಒಳಗೆ ತೂತು ತಿರುಗಿ ಕಂಬದ ಉದ್ದಕ್ಕೂ ಹೋಗಿತ್ತು. ಕೊರೆದ ಮರದ ಪುಡಿಯನ್ನೇ ಅರೆದು ಕಟ್ಟಿದ ತೆಳ್ಳನೆಯ ಅಡ್ಡಗೋಡೆ, ಸುರುಳಿ ಸುರುಳಿಯಾಗಿ. ಅದರ ಒಂದು ಅಂಚು ಒಡೆದು ಒಳಗಿನ ಕೋಣೆ ಕಾಣುತ್ತಿತ್ತು. ಹಳದಿ ಪರಾಗದ ಒಂದು ಉಂಡೆ, ಅದಕ್ಕೆ ಅಂಟಿಕೊಂಡ ಬಿಳಿ ಮರಿ.

"ಇದರ ಗ್ವಾಡಿ ನೋಡಬೇ ಯವ್ವಾ," ಎಂದರು ಮನೆಯವರು. ಅವರ ದನಿ ಸಣ್ಣದಾಗಿತ್ತು. "ನಮ್ಮ ಶಾಪಿನ್ಯಾಗ ಮಷೀನ್ ಮ್ಯಾಲ ಕೊರದ್ರೂ ಇಷ್ಟ ನುಣುಪು ಬರಂಗಿಲ್ಲ. ಇದು ಹಲ್ಲಿಲೆ ಮಾಡೈತಿ."

"ನುಣುಪು ಆಮ್ಯಾಲ ನೋಡೀಯಂತ. ಬಾಣಂತಿ ಮನಿ ಬಾಗ್ಲಾ ಮುಚ್ಚಿ, ಮ್ಯಾಲ ಬಣ್ಣಾನೂ ಹಚ್ಚೀದೆಲ್ಲೋ! ತಗಿ, ಎಲ್ಲಾ ತಗಿ."

ಎಲ್ಲ ತೂತುಗಳನ್ನೂ ತೆರೆಯುವುದಕ್ಕೆ ಮಧ್ಯಾಹ್ನವಾಯಿತು. ಮನೆಯವರು ಊಟಕ್ಕೂ ಬರಲಿಲ್ಲ. ಮುಚ್ಚುವಾಗ ತೋರಿಸಿದ ಜತನಕ್ಕಿಂತ ತೆರೆಯುವಾಗಿನ ಜತನವೇ ಹೆಚ್ಚಿತ್ತು, ಒಂದು ಚೂರು ಸೀಲೂ ಒಳಗೆ ಬೀಳದಂತೆ ಅಂಗೈ ಒಡ್ಡಿ ಹಿಡಿಯುತ್ತಿದ್ದರು.

ಆಮೇಲೆ ಎಷ್ಟು ಕಾದರೂ ದುಂಬಿ ಬರಲಿಲ್ಲ. ಹೂವು ಉದುರುತ್ತಲೇ ಇದ್ದವು. ಅತ್ತೆಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ, ಹೊರಳಾಡುವ ಬಳೆ ಸದ್ದು ನನಗೆ ಕೇಳುತ್ತಿತ್ತು. ಅಷ್ಟರಲ್ಲಿ ಮಾಲಕಿ ಹಪ್ಪಳ ಒಣಹಾಕಲು ಬಂದು ತೆರೆದ ತೂತುಗಳನ್ನು ನೋಡಿಬಿಟ್ಟರು. ಇನ್ನು ಮಾತಿಲ್ಲ, ಭಾನುವಾರ ಕಂಬವನ್ನೇ ಕೊಯ್ಯಿಸಿ ಕಬ್ಬಿಣದ್ದು ನಿಲ್ಲಿಸುತ್ತೇನೆ ಎಂದರು. ಮನೆ ಅವರದು, ಕಂಬವೂ ಅವರದೇ.

ಇವತ್ತು ಬಿಸಿಲು ಏರುವ ಹೊತ್ತಿಗೆ ಮಾಲಕಿ ಬಡಗಿಯನ್ನು ಕರೆದುಕೊಂಡು ಮೇಲೆ ಬಂದರು. ಅವನು ಗರಗಸ ಕೆಳಗಿಟ್ಟು ಕಂಬ ಅಳ್ಳಾಡಿಸಿ ನೋಡಿದ. ಅತ್ತೆ ಕೇಳಿದರು, "ಯಾವ ಊರಪಾ ನಿಂದು?"

"ಕಲಬುರ್ಗಿ ಕಡೀರಿ ಯಮ್ಮಾ."

"ಹಂಗಾರ ನಮ್ಮ ಕಡ್ಯಾವನ. ಒಳಗ ಬಾಣಂತಿ ಐತಪಾ. ಕೊಯ್ತೀಯೇನು?"

ಬಡಗಿ ಮಾಲಕಿಯ ಮುಖ ನೋಡಿದ, ಅತ್ತೆಯ ಮುಖ ನೋಡಿದ. "ಏನ್ರೀ ಇದು, ಮುಂಜಾನಿ ಮುಂಜಾನಿ ನನ್ನ ಪಾಪದಾಗ ಕೆಡವ್ತೀರಿ," ಎಂದು ತಲೆ ಕೆರೆದುಕೊಂಡ.

ಆಗಲೇ ಗುಂಯ್ ಎಂದಿತು. ತೂತಿನೊಳಗಿಂದ ಬಂತೋ, ಹೊರಗಿಂದ ಹಾರಿ ಬಂತೋ, ಯಾರೂ ನೋಡಲಿಲ್ಲ. ಮಾಲಕಿ ಸೆರಗು ತಲೆಗೆಳೆದುಕೊಂಡು ಮೆಟ್ಟಿಲ ಕಡೆ ಓಡಿದರು. ಅತ್ತೆ ಅವರ ಕೈ ಹಿಡಿದು, "ಕೂಚೋ ಅಮ್ಮಾ, ಕೂಚೋ. ಕುಚ್ ನಹಿ ಕರ್ತಾ," ಕೂತುಕೋ, ಏನೂ ಮಾಡುವುದಿಲ್ಲ ಎಂದು, ತಮಗೆ ಬರುವಷ್ಟು ತೆಲುಗು, ಹಿಂದಿ ಎರಡನ್ನೂ ಖರ್ಚು ಮಾಡಿ ಸ್ಟೂಲಿನ ಮೇಲೆ ಕೂರಿಸಿದರು.

ದುಂಬಿ ನಮ್ಮ ಯಾರ ಗೊಡವೆಗೂ ಬರಲಿಲ್ಲ. ನೇರ ಮುಳಗಾಯಿ ಹೂವಿಗೆ ಹೋಗಿ ಜೋತುಬಿದ್ದಿತು. ಅದರ ಭಾರಕ್ಕೆ ಹೂವು ಬಾಗಿತು. ಮೈ ಬಿಲ್ಲಿನಂತೆ ಬಗ್ಗಿಸಿ, ರೆಕ್ಕೆ ಮಡಚಿಕೊಂಡೇ ಝುರ್ ಝುರ್ ಎಂದು ನಡುಗಿತು. ಆ ಸದ್ದು ಹಾರುವಾಗಿನ ಸದ್ದಲ್ಲ, ಬೇರೆಯೇ. ಬಿಸಿಲಿನಲ್ಲಿ ಅದರ ಕಪ್ಪು ರೆಕ್ಕೆ ನೀಲಿಯಾಗಿ ಹೊಳೆಯಿತು, ಎದೆಯ ಮೇಲೆ ಹಳದಿ ಪುಡಿ ಉದುರಿತು. ಇಷ್ಟು ವರ್ಷ ಇಲ್ಲೇ ಬಟ್ಟೆ ಹಾಕಿದ್ದೇನೆ, ಇದನ್ನು ಇಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ಮನೆಯವರು ಬಾಯಿ ತೆರೆದು ನಿಂತಿದ್ದರು.

"ಅಯ್ಯೋ, ಪಸುಪು ಪೂಸುಕುಂದಿ ಚೂಡಂಡಿ!" ಎಂದರು ಮಾಲಕಿ. ಅರಿಸಿನ ಹಚ್ಚಿಕೊಂಡಿದೆ ನೋಡಿ, ಎಂದು. ಹೆದರಿಕೆ ಮರೆತು ಸ್ಟೂಲನ್ನೇ ಗಿಡದ ಹತ್ತಿರ ಎಳೆದುಕೊಂಡಿದ್ದರು.

ಅತ್ತೆ ಬೀಜದ ಸಂಗತಿಯನ್ನು ಹೇಳಿದರು, ಅರ್ಧ ನಾನು ತೆಲುಗಿನಲ್ಲಿ ತಿಳಿಸಿದೆ. ಮಾಲಕಿ ಕೇಳಿ, ಹಣ್ಣಾಗಿ ಬೀಜ ಬರುವ ತನಕ ಕಂಬ ಇರಲಿ, ಮುಂದಿನದು ಆಮೇಲೆ ನೋಡೋಣ ಎಂದರು. "ನಾಕೂ ನಾಲುಗು ಗಿಂಜಲು ಇವ್ವಂಡಿ," ತಮಗೂ ನಾಲ್ಕು ಬೀಜ ಬೇಕಂತೆ.

"ನಾಕ್ಯಾಕ, ಹಿಡಿ ಕೊಡ್ತೇನಿ," ಎಂದರು ಅತ್ತೆ, ಬೀಜವೆಲ್ಲ ಆಗಲೇ ಕೈಯಲ್ಲಿದ್ದವರ ಹಾಗೆ.

ಬಡಗಿ ಚಹಾ ಕುಡಿದು ಗರಗಸ ಎತ್ತಿಕೊಂಡು ಹೋದ. ಮಾಲಕಿ ಅರ್ಧ ದಿನದ ಪಗಾರ ಕೊಟ್ಟೇ ಕಳಿಸಿದರು. ಸಂಜೆಯ ತನಕ ಆ ಹೂವು ಉದುರಲಿಲ್ಲ. ನಾಳೆ ಉದುರಲೂಬಹುದು. ಕಾಯಿ ಕಚ್ಚಿದ್ದು ಗೊತ್ತಾಗಲು ಇನ್ನೂ ಕೆಲವು ದಿನ ಬೇಕು.

ರಾತ್ರಿ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು. ಅತ್ತೆ ಎರಡು ರೊಟ್ಟಿ ಉಂಡು ಇನ್ನರ್ಧ ಕೇಳಿದರು. ನಾನು ಹೆಂಚು ತೊಳೆದು ಬರುವಷ್ಟರಲ್ಲಿ, ದೀಪ ಆರಿಸುವ ಮೊದಲೇ, ಅವರು ಗೋಡೆಯ ಕಡೆ ತಿರುಗಿ ನಿದ್ದೆ ಹೋಗಿದ್ದರು.